ಕೆಂಪಂಕಿ

ಪ್ಲೋವ್‌ದಿವ್ ಊರಿನ ನೆಲಮಾಳಿಗೆಗಳಿಗೆ ಮೂವತ್ತೊಂದು ವರ್ಷ ಇಳಿದು
ನೀರಿನ ಮೀಟರು ಓದಿದವನು ಮೆತೋದಿ ಕರಾಸ್ಲಾವೊವ್.
ಟಾರ್ಚು ಹಲ್ಲಲ್ಲಿ ಕಚ್ಚಿ, ಮೊಣಕಾಲೂರಿ,
ಗಾಜಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿ.
"ಬಿಲ್ಲಿಗೆ ಕಪ್ಪಂಕಿ ಸಾಕು ಸಿಸ್ಟರ್,
ಚಿಲ್ಲರೆ ಲೀಟರಿನ ಕೆಂಪಂಕಿ ಯಾರೂ ಬರೆಯುವುದಿಲ್ಲ.
ನಾನು ಬರೆಯುತ್ತಿದ್ದೆ.
ಅಯಸ್ಕಾಂತವಿಟ್ಟು ಚಕ್ರ ನಿಲ್ಲಿಸಿದವರನ್ನೂ ಹಿಡಿದಿದ್ದೇನೆ,
ಪಾದ್ರಿಯ ಮನೆಯಲ್ಲೂ!"
ಅಂದ, ಆಪರೇಷನ್ನಿನ ಹಿಂದಿನ ಸಂಜೆ,
ನಾನವನ ಎದೆಯ ಬಿಳಿಗೂದಲು ಬೋಳಿಸುವಾಗ.

ಬೆಳಿಗ್ಗೆ ಗರಗಸ ಎದೆಯೆಲುಬು ಸೀಳಿತು.
ಸುಣ್ಣಗಟ್ಟಿದ ಕವಾಟ ಕಿತ್ತು ಲೋಹದ್ದು ಕೂರಿಸಲು
ಗುಂಡಿಗೆಯನ್ನು ನಿಲ್ಲಿಸಿದರು ನೂರಾ ಹದಿನೆಂಟು ನಿಮಿಷ.
ಅಷ್ಟು ಹೊತ್ತು ರಕ್ತವನ್ನು ನಡೆಸಿದ್ದು ಪಕ್ಕದ ಯಂತ್ರ,
ಏರಿಲ್ಲದೆ, ಇಳಿವಿಲ್ಲದೆ,
ಗುಮಾಸ್ತ ಓದುವ ಹೆಸರಿನ ಪಟ್ಟಿಯ ಹಾಗೆ.
ಬಸಿರಿನಲ್ಲೇ ಮಿಡಿತ ಕೇಳಿ ಬೆಳೆದ ಎರಡು ಕಿಡ್ನಿಗಳು
ಬೆನ್ನಿನ ಕತ್ತಲಲ್ಲಿ ಏನಂದುಕೊಂಡವೋ.
ಅವನ್ನು ಕೇಳುವವರಾರು?
ಪಾರ್ಕಿನ ಬೆಂಚಿನ ಮೇಲೆ ಚಾಕುವಿನಿಂದ
ಬಾಣ ನೆಟ್ಟ ಕಿಡ್ನಿ ಕೆತ್ತಿದವರುಂಟೆ?

ರಾತ್ರಿ ಪಾಳಿ. ಗಾಜಿನಾಚೆ ನಿಂತವರೆಲ್ಲ
ಕುಣಿವ ಹಸಿರು ಗೆರೆಯನ್ನೇ ನೋಡುತ್ತಾರೆ.
ನಾನು ಬಗ್ಗುತ್ತೇನೆ
ಮಂಚದಡಿ ತೂಗುವ ಗೀಟು ಹಾಕಿದ ಡಬ್ಬಿಗೆ.
ಎಪ್ಪತ್ತನಾಲ್ಕು ಕಿಲೋ ಆಳು; ಗಂಟೆಗೆ ಮೂವತ್ತೇಳು ಮಿಲಿಯಾದರೂ ಬರಬೇಕು.
ಹತ್ತಕ್ಕೆ ಇಪ್ಪತ್ತು.
ಹನ್ನೊಂದಕ್ಕೆ ಒಂಬತ್ತು, ಬಹಳ ಕುದಿಸಿದ ಚಹಾದ ಬಣ್ಣ.
ಹನ್ನೆರಡಕ್ಕೆ ನಾಲ್ಕು.
ಒಂದಕ್ಕೆ ಏನಿಲ್ಲ.
ಕೊಳವೆ ಮಡಚಿದೆಯೇ ನೋಡಿದೆ. ಸಿರಿಂಜಿನಲ್ಲಿ ನೀರು ತಳ್ಳಿದೆ,
ತಳ್ಳಿದಷ್ಟೇ ಹಿಂದೆ ಬಂತು.
ಕ್ರಿಯಾಟಿನಿನ್ ತೊಂಬತ್ತೆರಡಿದ್ದದ್ದು ನೂರಾ ಎಪ್ಪತ್ತೊಂದು.
ಗುಂಡಿಗೆ ಮಾತ್ರ ಹೊಸ ಬೂಟು ತೊಟ್ಟ ಹುಡುಗನ ಹಾಗೆ
ಟಕ್ ಟಕ್ ನಡೆದಿದೆ, ಮನೆಯಲ್ಲಿ ಏನಾಗಿದೆಯೆಂದು ಗೊತ್ತಿಲ್ಲದೆ.

"ಆರರವರೆಗೆ ಕಾಯೋಣ" ಅಂದರು ಡಾಕ್ಟರ್ ವೆಲಿಚ್ಕೋವಾ.
ಡಯಾಲಿಸಿಸ್ ಯಂತ್ರ ಆಗಲೇ ಬಾಗಿಲಲ್ಲಿದೆ,
ಕರೆಯುವ ಮೊದಲೇ ಬಂದ ನೆಂಟ.

ಕಾರಿಡಾರಿನ ಕುರ್ಚಿಯಲ್ಲಿ ಹೆಂಡತಿ ಸ್ತಾಮೆನಾ ಹೇಳಿದಳು:
"ನಲ್ಲಿ ತೊಟ್ಟಿಕ್ಕಿದರೆ ಅವನಿಗೆ ನಿದ್ದೆಯಿಲ್ಲ.
ಯಾವ ಹೊತ್ತಾದರೂ ಎದ್ದು ವಾಷರ್ ಬದಲಿಸುತ್ತಾನೆ.
ತೊಟ್ಟಿಕ್ಕುವುದು ಅಂದರೆ ಕಳ್ಳನ ಹೆಜ್ಜೆಯಂತೆ."
ಹೇಳಿ, ತನ್ನ ಮಾತು ತನಗೇ ಕೇಳಿಸಿ, ಬಾಯಿ ಮುಚ್ಚಿಕೊಂಡಳು.
ಇಬ್ಬರೂ ಕೂತೆವು
ಆ ಕಳ್ಳ ಬರಲಿ ಎಂದು.

ಅವಳು ಹೊಸೆದು ತಂದ ಮಾರ್ಚಿಯ ಕೆಂಪು ಬಿಳಿ ದಾರ
ಮಣಿಕಟ್ಟಿಗೆ ಕಟ್ಟುವಂತಿಲ್ಲ, ಅಲ್ಲಿ ಧಮನಿಗೆ ಸೂಜಿಯಿದೆ.
ಡಬ್ಬಿಯ ಕೊಕ್ಕೆಗೆ ಕಟ್ಟಿದೆ.
ನಿಯಮಕ್ಕೆ ವಿರುದ್ಧ. ಬಿಚ್ಚಲಿಲ್ಲ.
ಹನಿಗೂಡಿದರೆ ಹಳ್ಳವಂತೆ;
ನನಗೆ ಹಳ್ಳ ಬೇಡ, ಗೀಟು ಮುಟ್ಟಿದರೆ ಸಾಕು.

ಎರಡು, ಮೂರು: ಪೆನ್ಸಿಲಿನ ಎರಡು ಸೊನ್ನೆ.
ನಾಲ್ಕಕ್ಕೆ ಆರು.
ತಪ್ಪು ನೋಡಿದೆನೇನೋ ಎಂದು ಡಬ್ಬಿಯನ್ನು ನೆಟ್ಟಗೆ ಹಿಡಿದು ಮತ್ತೆ ನೋಡಿದೆ.
ಆರು.
ಐದಕ್ಕೆ ಹದಿನಾಲ್ಕು, ಚಹಾ ಕೊಂಚ ತಿಳಿಯಾಗಿದೆ.
ವೆಲಿಚ್ಕೋವಾ ಬಂದು ತಾವೂ ಬಗ್ಗಿದರು, ಏನೂ ಹೇಳಲಿಲ್ಲ,
ಯಂತ್ರವನ್ನು ಬಾಗಿಲಿಂದ ಸರಿಸಲೂ ಇಲ್ಲ.

ಐದೂವರೆಗೆ ಅವನ ಕಣ್ಣು ತೆರೆಯಿತು.
ಗಂಟಲಲ್ಲಿ ನಳಿಗೆ, ಮಾತಿಲ್ಲ.
ಬೆರಳ ನಡುವೆ ಪೆನ್ನಿಟ್ಟೆ. ವಾರೆಯಾಗಿ ಬರೆದ: ಎಷ್ಟು?
ನೋವು ಎಷ್ಟೆಂದೋ? ಹೊತ್ತು ಎಷ್ಟೆಂದೋ?
ಕಣ್ಣು ಕೆಳಗೆ ತೋರಿಸಿದ.

ಮೊಣಕಾಲೂರಿದೆ. ಟಾರ್ಚು ಹಾಕಿದೆ.
ಪ್ಲಾಸ್ಟಿಕ್ಕಿನ ಮಂಜನ್ನು ಹೆಬ್ಬೆರಳಲ್ಲಿ ಒರೆಸಿದೆ.
"ಕಪ್ಪಂಕಿ ಇನ್ನೂ ತಿರುಗಿಲ್ಲ," ಅಂದೆ,
"ಕೆಂಪಂಕಿ ಓಡುತ್ತಿದೆ."